ಕನ್ನಡಕದ ಕಡ್ಡಿ ಮೇಲಿನ ಮೂರು ಅಂಕಿ

ನನ್ನ ಪವರ್ ಮೈನಸ್ ಐದರ ಆಸುಪಾಸು. ಬೆಳಗ್ಗೆ ಹಾಕಿದ ಕನ್ನಡಕ ತೆಗೆಯುವುದು ರಾತ್ರಿ ಮಲಗುವಾಗಲೇ. ಅಷ್ಟು ಹೊತ್ತು ಮುಖದ ಮೇಲೆ ಕೂರುವ ವಸ್ತುವನ್ನು ಬರೀ ಚೆಂದ ನೋಡಿ ಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಫ್ರೇಮ್ ತರಲು ಹೊರಟರೆ ಜೇಬಿನಲ್ಲಿ ಅಳತೆ ಚೀಟಿ ಇರುತ್ತದೆ. ಅಂಗಡಿಯವರು ಒಮ್ಮೊಮ್ಮೆ ನಗುತ್ತಾರೆ, ನಗಲಿ ಬಿಡಿ.

ಚೀಟಿ ಬರೆದಿದ್ದು ಹಳೆಯ ಕನ್ನಡಕ ನೋಡಿ. ಅದರ ಬಣ್ಣ ಮಾಸಿದೆ, ಗ್ಲಾಸ್ ತುಂಬ ಗೀರು. ಆದರೆ ಹಾಕಿಕೊಂಡರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಕಡ್ಡಿಯ ಒಳಬದಿಗೆ ಮೊಬೈಲ್ ಟಾರ್ಚ್ ಹಿಡಿದರೆ ಇರುವೆಯಂಥ ಅಕ್ಷರದಲ್ಲಿ 50, ಪಕ್ಕದಲ್ಲೊಂದು ಪುಟ್ಟ ಚೌಕ, ಆಮೇಲೆ 19, ಕೊನೆಗೆ 145. ಎಲ್ಲವೂ ಮಿಲಿಮೀಟರ್ ಲೆಕ್ಕ. 50 ಅಂದರೆ ಒಂದು ಗ್ಲಾಸಿನ ಅಗಲ. 19 ಎರಡು ಗ್ಲಾಸುಗಳ ನಡುವೆ ಮೂಗು ಕೂರುವ ಜಾಗ, ಅದೇ ಬ್ರಿಡ್ಜ್. 145 ಕಡ್ಡಿಯ ಉದ್ದ, ಕಿವಿ ಹಿಂದೆ ಬಾಗಿದ ತುದಿಯೂ ಸೇರಿ.

ತಮಾಷೆ ಅಂದರೆ ಮುಖಕ್ಕೆ ಹಿಡಿಸುತ್ತಾ ಇಲ್ಲವಾ ಅಂತ ಹೇಳುವ ಅಳತೆ ಸಾಮಾನ್ಯವಾಗಿ ಅಲ್ಲಿರುವುದೇ ಇಲ್ಲ. ಅದು ಫ್ರೇಮಿನ ಪೂರ್ತಿ ಅಗಲ. ಎರಡು ಗ್ಲಾಸು, ಬ್ರಿಡ್ಜ್ ಕೂಡಿದರೆ 119. ಅದರ ಮೇಲೆ ಅಂಚಿನ ದಪ್ಪ, ಕಡ್ಡಿ ಸೇರುವ ಮೂಲೆ. ತೆಳ್ಳನೆ ತಂತಿ ಫ್ರೇಮಿಗೂ ದಪ್ಪ ಪ್ಲಾಸ್ಟಿಕ್ ಫ್ರೇಮಿಗೂ ಮೂರು ಅಂಕಿ ಒಂದೇ ಇದ್ದರೂ ಅಗಲ ಬೇರೆ ಬೇರೆ. ನಾನು ಸುಮ್ನೆ ಸ್ಕೇಲ್ ಇಟ್ಟು ಈ ತುದಿಯಿಂದ ಆ ತುದಿಗೆ ಅಳೆಯುತ್ತೇನೆ. ನನ್ನದು 136. ಅಗಲ ಕಡಿಮೆಯಾದರೆ ಕಡ್ಡಿ ಹೊರಕ್ಕೆ ಹಿಗ್ಗಿ, ಕಿವಿ ಮುಟ್ಟುವ ಮೊದಲೇ ತಲೆಯ ಪಕ್ಕವನ್ನು ಒತ್ತುತ್ತದೆ. ಜಾಸ್ತಿಯಾದರೆ ತಲೆ ಬಗ್ಗಿಸಿದಾಗಲೆಲ್ಲ ಜಾರುತ್ತದೆ.

ಬ್ರಿಡ್ಜ್ ವಿಷಯದಲ್ಲಿ ಪ್ಲಾಸ್ಟಿಕ್ ಫ್ರೇಮಿನ ಜೊತೆ ಜಾಸ್ತಿ ಹುಷಾರಾಗಿರಬೇಕು. ಮೂಗಿನ ಜಾಗ ಅಚ್ಚಿನಲ್ಲೇ ಬಂದಿರುತ್ತದೆ, ಹೊಂದಿಸಲು ಆಗುವುದು ಕಡಿಮೆ. ಮೆಟಲ್ ಫ್ರೇಮಿನ ನೋಸ್ ಪ್ಯಾಡ್ ಆದರೆ ಆಚೀಚೆ ಬಗ್ಗಿಸಬಹುದು. ನನ್ನದು ಅಷ್ಟೇನೂ ಎತ್ತರವಿಲ್ಲದ ಮೂಗು, ಬೇಸಿಗೆಯಲ್ಲಿ ಬೆವರು ಬೇರೆ. ಹಾಗಾಗಿ ಪ್ಯಾಡ್ ಇರುವುದೇ ನನಗೆ ಹಿತ. ಹಾಕಿಕೊಂಡು ಒಮ್ಮೆ ಬಾಯ್ತುಂಬ ನಕ್ಕು ನೋಡುತ್ತೇನೆ. ಕೆನ್ನೆ ಉಬ್ಬಿ ಫ್ರೇಮನ್ನು ಮೇಲೆತ್ತಿದರೆ ವಾಪಸ್ ಕೊಟ್ಟುಬಿಡುತ್ತೇನೆ.

ಕಡ್ಡಿ 140 ಇರಲಿ, 145 ಇರಲಿ, ಬಾಗು ಎಲ್ಲಿ ಶುರುವಾಗುತ್ತದೆ ಅನ್ನುವುದು ಮುಖ್ಯ. ಕಿವಿಯ ಮೇಲ್ತುದಿ ದಾಟಿದ ಕೂಡಲೇ ಬಾಗಬೇಕು. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಕಡ್ಡಿಯಾದರೆ ಅಂಗಡಿಯಲ್ಲೇ ಬಿಸಿ ಮಾಡಿ ಬಾಗಿಸಿ ಕೊಡುತ್ತಾರೆ. ಮನೆಯಲ್ಲಿ ಆ ಸಾಹಸ ಬೇಡ.

ಪವರ್ ಜಾಸ್ತಿ ಇದ್ದವರಿಗೆ ಇನ್ನೊಂದು ಲೆಕ್ಕವಿದೆ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಪಿಡಿ ಅನ್ನುತ್ತಾರೆ. ನನ್ನದು 62. ಗ್ಲಾಸಿನ ಅಗಲಕ್ಕೆ ಬ್ರಿಡ್ಜ್ ಕೂಡಿಸಿದರೆ 69, ಅದು ಎರಡು ಗ್ಲಾಸುಗಳ ನಡುಬಿಂದುಗಳ ಅಂತರ. ವ್ಯತ್ಯಾಸ 7, ಅಂದರೆ ಪವರ್ ಕೇಂದ್ರ ಪಾಪೆಯ ಎದುರಿಗೇ ಬರಲು ಒಂದೊಂದು ಗ್ಲಾಸಿನಲ್ಲೂ ಅದನ್ನು ಮೂರೂವರೆ ಮಿಲಿಮೀಟರ್ ಮೂಗಿನ ಕಡೆ ಸರಿಸಬೇಕು. ಅದೇ 56-18ರ ದೊಡ್ಡ ಫ್ರೇಮ್ ಆರಿಸಿದರೆ 6 ಮಿಲಿಮೀಟರ್ ಸರಿಸಬೇಕು. ಮೈನಸ್ ಗ್ಲಾಸು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಜಾಸ್ತಿ ಸರಿಸಿದಷ್ಟೂ ಕಿವಿ ಕಡೆಯ ಅಂಚು ದಪ್ಪವಾಗುತ್ತಾ ಹೋಗುತ್ತದೆ. ಸೋಡಾಬುಡ್ಡಿ ಅನ್ನಿಸಿಕೊಳ್ಳೋದು ಯಾರಿಗೆ ಬೇಕು, ಅಲ್ವಾ? ಪಿಡಿ ಎಷ್ಟೋ ಸಲ ಡಾಕ್ಟರ್ ಚೀಟಿಯಲ್ಲಿ ಇರುವುದಿಲ್ಲ. ಕಣ್ಣು ಪರೀಕ್ಷೆ ಮಾಡಿಸುವಾಗಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಅಪ್ಪನ ಪ್ರೊಗ್ರೆಸಿವ್ ಕನ್ನಡಕಕ್ಕೆ, ಅಂದರೆ ದೂರಕ್ಕೂ ಓದಲಿಕ್ಕೂ ಒಂದೇ ಗ್ಲಾಸಿರುವುದಕ್ಕೆ, ಮಾತ್ರ ಗ್ಲಾಸಿನ ಎತ್ತರವನ್ನೂ ನೋಡಬೇಕಾಯಿತು. ಅದರಲ್ಲಿ ಓದುವ ಪವರ್ ಇರುವುದು ಕೆಳಭಾಗದಲ್ಲಿ. ಗಿಡ್ಡ ಫ್ರೇಮಾದರೆ ಆ ಭಾಗವೇ ಕತ್ತರಿಸಿಹೋಗುತ್ತದೆ. ಅಪ್ಪ ಫ್ರೇಮ್ ಹಾಕಿಕೊಂಡು ನೇರ ನಿಂತರು. ಅಂಗಡಿಯವರು ಡಮ್ಮಿ ಗ್ಲಾಸಿನ ಮೇಲೆ ಪಾಪೆಯ ಜಾಗಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಟ್ಟರು. ಚುಕ್ಕೆಯಿಂದ ಕೆಳ ಅಂಚಿಗೆ ಅಳೆದು, ಆ ಗ್ಲಾಸಿಗೆ ಅಷ್ಟು ಜಾಗ ಸಾಕು ಅಂತ ಖಾತ್ರಿಯಾದ ಮೇಲೆಯೇ ಆರ್ಡರ್ ಕೊಟ್ಟೆವು.