ವಿಮಾನದ ದೂರ, ಪ್ರಯಾಣದ ಟೈಮು: ಲೆಕ್ಕ ಹಾಕೋದು ಹೇಗೆ?

ಟಿಕೆಟ್‌ನಲ್ಲಿ ಹೊರಡೋದು ಮಧ್ಯಾಹ್ನ 12ಕ್ಕೆ, ಇಳಿಯೋದು ಅವತ್ತೇ ಸಂಜೆ 5.40ಕ್ಕೆ ಅಂತಿದ್ರೆ "ಆರು ಗಂಟೆನೂ ಇಲ್ವಲ್ಲ" ಅಂತ ಖುಷಿಪಡೋರನ್ನ ಬೇಕಾದಷ್ಟು ನೋಡಿದೀನಿ. ಅದು ಚಳಿಗಾಲದ ಸಿಂಗಾಪುರ-ನ್ಯೂಯಾರ್ಕ್ ಫ್ಲೈಟಾಗಿದ್ರೆ ಸೀಟಲ್ಲಿ ಕೂರ್ಬೇಕಾಗಿರೋದು 18 ಗಂಟೆ 40 ನಿಮಿಷ!

ಹಂತ 1: ಹುಡುಕೋವಾಗ ಊರ ಹೆಸರು ಬಿಡಿ, ಏರ್‌ಪೋರ್ಟಿನ ಮೂರಕ್ಷರದ ಕೋಡ್ ಹಾಕಿ. ಸಿಡ್ನಿ ಅನ್ನೋ ಊರು ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದಲ್ಲೂ ಇದೆ.

ಹಂತ 2: ದೂರ. ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೀಬೇಡಿ, ಭೂಮಿ ದುಂಡಗಿರೋದ್ರಿಂದ ಹತ್ತಿರದ ದಾರಿ ಆ ಮ್ಯಾಪಲ್ಲಿ ಬಾಗಿದ ಗೆರೆಯಾಗಿ ಕಾಣುತ್ತೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ, ಇಲ್ಲಾ ಗೂಗಲ್ ಅರ್ಥ್‌ನಲ್ಲಿ ಅಳೆಯೋ ಟೂಲ್ ಇದೆ. ಸಿಂಗಾಪುರದಿಂದ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿಗೆ ಸುಮಾರು 15,350 ಕಿ.ಮೀ. ಉತ್ತರ ನಾಟಿಕಲ್ ಮೈಲಿಯಲ್ಲಿ ಬಂದ್ರೆ 1.852ರಿಂದ ಗುಣಿಸಿ, ಕಿ.ಮೀ. ಸಿಗುತ್ತೆ.

ಹಂತ 3: ಕಿ.ಮೀ.ನ 900ರಿಂದ (ಗಂಟೆಗೆ ವಿಮಾನದ ಸುಮಾರು ಸ್ಪೀಡು) ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ-ಮುಕ್ಕಾಲು ಗಂಟೆ ಸೇರಿಸಿ. ಇದು ಬರೀ ಅಂದಾಜು ಅಷ್ಟೇ. ಲಂಡನ್‌ನಿಂದ ನ್ಯೂಯಾರ್ಕ್ ಸುಮಾರು 5,540 ಕಿ.ಮೀ., ಹೋಗೋವಾಗ 8 ಗಂಟೆ ಹತ್ರ ಹಿಡಿಯುತ್ತೆ, ವಾಪಸ್ ಬರೋವಾಗ 7, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ತಳ್ಳುತ್ತೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ-ಟೋಕಿಯೋ ಫ್ಲೈಟು ಸುತ್ತು ಹಾಕ್ಕೊಂಡು ಹೋಗಿ ಒಂಬತ್ತು ಚಿಲ್ಲರೆ ಗಂಟೆಯದ್ದು 13ಕ್ಕೆ ಮುಟ್ತು. ಇದ್ಯಾವುದನ್ನೂ ನೋಡದೆ ದೂರನ ಒಂದು ಸ್ಪೀಡಿಂದ ಭಾಗಿಸಿ "ಫ್ಲೈಟ್ ಟೈಮ್" ಅಂತ ದಪ್ಪಕ್ಷರದಲ್ಲಿ ತೋರಿಸೋ ಫ್ರೀ ಸೈಟುಗಳಿವೆ, ನೇರ ಫ್ಲೈಟೇ ಇಲ್ಲದ ಊರಿಗೂ ಟೈಮ್ ಹೇಳ್ತವೆ. ಅವನ್ನ ಮುಟ್ಟಲೇಬೇಡಿ.

ಹಂತ 4: ಎಲ್ರೂ ಎಡವೋದು ಇಲ್ಲೇ. ಟಿಕೆಟ್‌ನ ಎರಡೂ ಟೈಮು ಆಯಾ ಊರಿನ ಗಡಿಯಾರದ್ದು, ಅವನ್ನ ನೇರವಾಗಿ ಕಳೀಬಾರದು. ಎರಡನ್ನೂ ಮೊದಲು ಯುಟಿಸಿಗೆ, ಅಂದ್ರೆ ಎಲ್ಲಾ ಊರಿನ ಗಡಿಯಾರಾನೂ ಹೋಲಿಸಿ ನೋಡೋ ಜಾಗತಿಕ ಟೈಮಿಗೆ, ತನ್ನಿ. ಸಿಂಗಾಪುರ ಯುಟಿಸಿಗಿಂತ 8 ಗಂಟೆ ಮುಂದೆ, ಹಾಗಾಗಿ ಮಧ್ಯಾಹ್ನ 12 ಅಂದ್ರೆ ಯುಟಿಸಿ 4.00. ನ್ಯೂಯಾರ್ಕ್ ಚಳಿಗಾಲದಲ್ಲಿ 5 ಗಂಟೆ ಹಿಂದೆ, ಅಲ್ಲಿನ ಸಂಜೆ 5.40 ಅಂದ್ರೆ ಯುಟಿಸಿ 22.40. ಈಗ ಕಳೀರಿ, 18 ಗಂಟೆ 40 ನಿಮಿಷ ಬಂತು. ಮುಂದಿರೋ ಊರಿಗೆ ಕಳೆಯೋದು, ಹಿಂದಿರೋ ಊರಿಗೆ ಕೂಡೋದು, ಇದನ್ನ ಉಲ್ಟಾ ಮಾಡಿದ್ರೆ ಲೆಕ್ಕ ಪೂರ್ತಿ ಹಾಳು. ತಾರೀಕನ್ನೂ ಪಕ್ಕದಲ್ಲೇ ಬರ್ಕೊಳ್ಳಿ. ಟೋಕಿಯೋದಲ್ಲಿ ಸಂಜೆ 5ಕ್ಕೆ ಹತ್ತಿದೋರು 10 ಗಂಟೆ ಹಾರಿ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನ ಬೆಳಗ್ಗೆ 10ಕ್ಕೆ ಇಳೀತಾರೆ, ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಅಮೆರಿಕದೋರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಯುರೋಪಿನೋರು ಬೇರೆ ವಾರದಲ್ಲಿ ಇಡ್ತಾರೆ, ಅದಕ್ಕೇ ಮಾರ್ಚ್‌ನಲ್ಲಿ ಕೆಲವು ವಾರ ಲಂಡನ್-ನ್ಯೂಯಾರ್ಕ್ ವ್ಯತ್ಯಾಸ 5 ಗಂಟೆ ಬದಲು 4 ಆಗಿರುತ್ತೆ. ಆದ್ರಿಂದ ಇವತ್ತಿನ ವ್ಯತ್ಯಾಸ ಹಿಡ್ಕೊಂಡು ಮುಂದಿನ ತಿಂಗಳ ಲೆಕ್ಕ ಹಾಕ್ಬೇಡಿ, ಪ್ರಯಾಣದ ತಾರೀಕಿಗೇ ನೋಡಿ.

ಹಂತ 5: ಮಧ್ಯೆ ಫ್ಲೈಟ್ ಬದಲಾಯಿಸೋದಿದ್ರೆ ಕಾಯೋ ಟೈಮೂ ಸೇರಿಸಿ. ಎರಡು ಬೇರೆ ಬೇರೆ ಟಿಕೆಟ್ ತಗೊಂಡು ದುಡ್ಡು ಉಳಿಸೋ ಐಡಿಯಾ ನನಗಂತೂ ಇಷ್ಟ ಇಲ್ಲ. ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರೆ ಸಾಮಾನ್ಯವಾಗಿ ಹೊಸ ಟಿಕೆಟ್ ಖರ್ಚು ನಿಮ್ಮ ತಲೆ ಮೇಲೇ.