ಸುಣ್ಣ ಬಳಿದಂತೆ ಕಾಣದ ಜಿಂಕ್ ಸನ್‌ಸ್ಕ್ರೀನ್: ನನ್ನ ಅನುಭವ

ನಮ್ಮ ಮೈಬಣ್ಣಕ್ಕೆ ಬರೀ ಜಿಂಕ್ ಆಕ್ಸೈಡ್‌ನಲ್ಲಿ ಎಸ್‌ಪಿಎಫ್ 30 ಆಗುವುದಿಲ್ಲ, ಆದರೂ ಮುಖ ಸುಣ್ಣ ಬಳಿದ ಗೋಡೆಯಾಗುತ್ತದೆ ಎಂದವರೇ ಹೆಚ್ಚು. ಅರ್ಧ ನಿಜ. ಪುಡಿಯನ್ನು ನೇರ ಎಣ್ಣೆಗೆ ಸುರಿದು ಹೋಮೊಜಿನೈಸರ್ ಓಡಿಸಿದರೆ ಆಗುವುದು ಅದೇ. 18% ಜಿಂಕ್ ಹಾಕಿದ ಮೊದಲ ಬ್ಯಾಚ್ ಪ್ಲೇಟ್ ಪರೀಕ್ಷೆಯಲ್ಲಿ (ಪ್ಲಾಸ್ಟಿಕ್ ತಟ್ಟೆಗೆ ಹಚ್ಚಿ ಲ್ಯಾಬಿನಲ್ಲಿ ಅಳೆಯುವುದು) ಎಸ್‌ಪಿಎಫ್ 13–14 ದಾಟಲಿಲ್ಲ. ಅದೇ 18% ಕೊನೆಗೆ 27ರ ಆಸುಪಾಸು ಕೊಟ್ಟಿತು. ಮಧ್ಯೆ ಬದಲಾದದ್ದು ಪುಡಿಯ ಉಂಡೆ ಒಡೆದ ರೀತಿ. ಉಂಡೆ ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣಿಸುತ್ತದೆ, ಉಂಡೆಗಳ ನಡುವಿನ ಸಂದಿಯಲ್ಲಿ ಯುವಿ ಆರಾಮಾಗಿ ನುಸುಳುತ್ತದೆ. ಎರಡೂ ಒಂದೇ ಕಾಯಿಲೆ.

ಮೊದಲು ಹಾಳಾದ ಬ್ಯಾಚುಗಳ ಲೆಕ್ಕ. ಕಾರ್ಬೊಮರ್ ಜೆಲ್‌ಗೆ ಜಿಂಕ್ ಸೇರಿಸಿದ್ದು ಮೂರನೇ ದಿನಕ್ಕೆ ನೀರು ಮಜ್ಜಿಗೆ. ಜಿಂಕ್ ಅಯಾನು ಕಾರ್ಬೊಮರ್‌ನ ಆಮ್ಲದ ಗುಂಪುಗಳನ್ನು ಹಿಡಿದು ಜೆಲ್ಲನ್ನೇ ಕುಸಿಸುತ್ತದೆ. ಕೋಟಿಂಗ್ ಇಲ್ಲದ ಅಗ್ಗದ ಜಿಂಕ್ (ಕಿಲೋಗೆ ₹400 ಇರಬೇಕು) ಸ್ಟಿಯರಿಕ್ ಆಮ್ಲದ ಕ್ರೀಮಿನಲ್ಲಿ ಎರಡು ವಾರಕ್ಕೆ ರವೆಯಾಯಿತು, ಅದು ಜಿಂಕ್ ಸ್ಟಿಯರೇಟ್ ಕಾಳು. ಕೆಡದಂತೆ ಕಾಯಲು ಸೋಡಿಯಂ ಬೆಂಜೊಯೇಟ್ ನಂಬಿದ ಬ್ಯಾಚಿಗೆ ಬೂಷ್ಟು ಬಂತು. ಜಿಂಕ್ ಇದ್ದ ಕಡೆ ಪಿಎಚ್ 7 ದಾಟುತ್ತದೆ, ಅಲ್ಲಿ ಬೆಂಜೊಯೇಟ್ ಕೆಲಸ ಮಾಡದು. ಇವಿಷ್ಟರಲ್ಲೇ ಸುಮಾರು ₹40,000 ಚರಂಡಿಗೆ ಹೋಯಿತು.

ಕೊನೆಗೆ ನಿಂತದ್ದು ಎಣ್ಣೆಯೊಳಗೆ ನೀರಿನ ಎಮಲ್ಷನ್, ಅಂದರೆ ನೀರು ಸಣ್ಣ ಹನಿಗಳಾಗಿ ಎಣ್ಣೆಯಲ್ಲಿ ಹರಡಿರುವ ಕ್ರೀಮು. ಆದರೆ ಅಸಲು ಕೆಲಸ ಅದಕ್ಕಿಂತ ಎರಡು ದಿನ ಮೊದಲೇ ಶುರು. ಸಿಲೇನ್ ಕೋಟಿಂಗಿನ ಜಿಂಕ್ 50 ಭಾಗ, ಸಿ12–15 ಆಲ್ಕೈಲ್ ಬೆಂಜೊಯೇಟ್ (ಎಣ್ಣೆಯಂಥ ಎಸ್ಟರ್) 46, ಪುಡಿ ಮತ್ತೆ ಉಂಡೆಯಾಗದಂತೆ ಹಿಡಿಯುವ ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಮ್ಲ 4. ಆಮ್ಲವನ್ನು ಎಸ್ಟರ್‌ನಲ್ಲಿ ಮೊದಲು ಪೂರ್ತಿ ಕರಗಿಸಿ, ಪುಡಿಯನ್ನು ನಾಲ್ಕೈದು ಕಂತಿನಲ್ಲಿ ಹಾಕಿ ಕಲೆಸಿ, ಮುಚ್ಚಿ ರಾತ್ರಿಯಿಡೀ ನೆನೆಯಲು ಬಿಡಬೇಕು. ದೋಸೆಗೆ ಅಕ್ಕಿ ನೆನೆಸದೆ ರುಬ್ಬಿದರೆ ಹೇಗೋ ಹಾಗೇ ಇದೂ. ಮರುದಿನ ಮೂರು ರೋಲರುಗಳ ನಡುವೆ ಅರೆಯುವ ಟ್ರಿಪಲ್ ರೋಲ್ ಮಿಲ್‌ನಲ್ಲಿ ಮೂರು ಸುತ್ತು. ಮಿಲ್ ಕೊಳ್ಳುವ ಶಕ್ತಿ ಇಲ್ಲದವರು ಜಾಬ್‌ವರ್ಕ್‌ಗೆ ಕೊಡಬಹುದು, ಆದರೆ ಇಂಕ್ ಅರೆಯುವ ಮಿಲ್‌ಗೆ ಕೊಡಬೇಡಿ. ಎಷ್ಟು ತೊಳೆದರೂ ಹಳೆಯ ಬಣ್ಣ ಬಂದೇ ಬರುತ್ತದೆ. ಕಾಳಿನ ಗಾತ್ರ ಅಳೆಯುವ, ಪೇಂಟಿನವರ ಹೆಗ್‌ಮನ್ ಗೇಜ್ ಮೇಲೆ ಎಳೆದು ನೋಡಿ, ಗೀರು 5 ಮೈಕ್ರಾನ್‌ಗಿಂತ ಕೆಳಗಿಳಿಯುವವರೆಗೆ ಮುಂದೆ ಹೋಗಬೇಡಿ. ಎರಡನೇ ಮತ್ತು ಮೂರನೇ ಸುತ್ತಿನ ನಡುವೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎಮಲ್ಷನ್‌ನ ತೂಕ, ನೂರಕ್ಕೆ: ಈ ಅರೆದ ಜಿಂಕ್ ಮಿಶ್ರಣ (ಸ್ಲರಿ) 36, ಎಮಲ್ಸಿಫೈಯರ್ (ನೀರು-ಎಣ್ಣೆ ಬೆರೆಸಿ ಹಿಡಿಯುವುದು) ಆಗಿ ಪಿಇಜಿ-30 ಡೈಪಾಲಿಹೈಡ್ರಾಕ್ಸಿಸ್ಟಿಯರೇಟ್ 3, ಹಗುರ ಎಸ್ಟರ್ 8, ಐಸೊಡೊಡೆಕೇನ್ 6, ಬ್ಯೂಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್ 4, ಹೆಕ್ಟೊರೈಟ್ ಜೇಡಿ 1, ಅದಕ್ಕೆ ಪ್ರೊಪಿಲೀನ್ ಕಾರ್ಬೊನೇಟ್ 0.3, ಐರನ್ ಆಕ್ಸೈಡ್‌ಗಳು ಒಟ್ಟು 2, ವಿಟಮಿನ್ ಇ 0.3. ನೀರಿನ ಕಡೆ ಗ್ಲಿಸರಿನ್ 4, ಮೆಗ್ನೀಷಿಯಂ ಸಲ್ಫೇಟ್ 0.8, ಫಿನಾಕ್ಸಿಎಥನಾಲ್ 0.9, ಉಳಿದದ್ದು ನೀರು. ಸ್ಯಾಲಿಸಿಲೇಟ್ ತಾನೂ ಸ್ವಲ್ಪ ಯುವಿಬಿ (ಚರ್ಮ ಸುಡುವ ಯುವಿ ಕಿರಣ) ಹೀರುತ್ತದೆ, ಹಾಗಾಗಿ "ಬರೀ ಜಿಂಕ್" ಎನ್ನುವುದಕ್ಕೆ ಕಟ್ಟುನಿಟ್ಟಿನವರು ತಕರಾರು ತೆಗೆಯಬಹುದು. ತೆಗೆಯಲಿ.

ಎಮಲ್ಸಿಫೈಯರನ್ನು ಎಸ್ಟರ್ ಜತೆ 60 ಡಿಗ್ರಿಯಲ್ಲಿ ಕರಗಿಸಿ 35ಕ್ಕೆ ಇಳಿಸಿದ ಮೇಲಷ್ಟೇ ಐಸೊಡೊಡೆಕೇನ್. ಬಿಸಿಯಲ್ಲಿ ಹಾಕಿದರೆ ಆವಿಯಾಗುತ್ತದೆ, ಬೆಂಕಿಯ ಭಯ ಬೇರೆ. ನೀರಿನ ಮೊದಲ ಮೂರನೇ ಒಂದು ಭಾಗ ಹನಿಹನಿಯಾಗಿ ಹೋಗಬೇಕು, 600 ಆರ್‌ಪಿಎಂ ಸಾಕು. ಅವಸರಪಟ್ಟರೆ ಎಮಲ್ಷನ್ ಒಡೆಯುತ್ತದೆ, ಸರಿಪಡಿಸಲು ಬರುವುದಿಲ್ಲ. ಹೋಮೊಜಿನೈಸರ್ ನೀರೆಲ್ಲ ಸೇರಿದ ಮೇಲೆ, ಎರಡೇ ನಿಮಿಷ. ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಬಿಟ್ಟರೆ 45 ಡಿಗ್ರಿ ಓವನ್‌ನಲ್ಲಿ ಹತ್ತು ದಿನಕ್ಕೆ ಎಣ್ಣೆ ಮೇಲೆ ತೇಲುತ್ತದೆ. ಜೇಡಿ ಬಿಟ್ಟರೆ ಜಿಂಕ್ ಟ್ಯೂಬಿನ ತಳ ಹಿಡಿಯುತ್ತದೆ, ಕಾರ್ಬೊನೇಟ್ ಇಲ್ಲದೆ ಜೇಡಿ ಅರಳುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಐರನ್ ಆಕ್ಸೈಡ್ ಬರೀ ಬಿಳಿ ಮುಚ್ಚಲಿಕ್ಕೆ ಎಂದುಕೊಂಡವರಿದ್ದಾರೆ. ನಮ್ಮಂಥ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ತುದಿ, ಬಂಗು ಹೆಚ್ಚಿಸುತ್ತದೆ. ಮಾಮೂಲಿ ಫಿಲ್ಟರ್‌ಗಳು 400 ನ್ಯಾನೊಮೀಟರ್ ಹತ್ತಿರ ಕೈಬಿಡುತ್ತವೆ. ಅದರಾಚೆಗೆ ತಡೆಯುವುದು ಈ ಹಳದಿ, ಕೆಂಪು, ಕಪ್ಪು ಪುಡಿಗಳೇ. ಹಳದಿ ಹೆಚ್ಚು, ಕಪ್ಪು ಚಿಟಿಕೆ. ಅನುಪಾತ ನೀವೇ ಕಂಡುಕೊಳ್ಳಿ. ಇವನ್ನೂ ಎಸ್ಟರ್‌ನಲ್ಲಿ ಅರೆದೇ ಹಾಕಬೇಕು, ಇಲ್ಲವಾದರೆ ಹಚ್ಚುವಾಗ ಕೆಂಪು ಗೆರೆ ಮೂಡುತ್ತದೆ. ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಇದೇ ಕುಲದ್ದು ಎಂದು ಹಾರ್ಡ್‌ವೇರ್ ಅಂಗಡಿಗೆ ಹೋಗಬೇಡಿ. ಸೀಸ, ಆರ್ಸೆನಿಕ್ ಲೆಕ್ಕ ಇರುವ ಕಾಸ್ಮೆಟಿಕ್ ಗ್ರೇಡೇ ಬೇಕು.

ಯುವಿಎ (ಚರ್ಮದ ಆಳಕ್ಕಿಳಿಯುವ ಯುವಿ ಕಿರಣ) ತಡೆ ಇನ್ನಷ್ಟು ಸಿಗಲೆಂದು ಇದಕ್ಕೇ ಅದನ್ನು ಹೀರುವ ಆವೊಬೆನ್ಜೋನ್ 2% ಸೇರಿಸಿ ನೋಡಿದ್ದುಂಟು. ಓವನ್‌ನಲ್ಲಿ ಒಂದೇ ವಾರಕ್ಕೆ ಕ್ರೀಮು ಕಿತ್ತಳೆಗೆ ತಿರುಗಿತು. ಆವೊಬೆನ್ಜೋನ್ ಕಬ್ಬಿಣದ ಜತೆ ಗಂಟು ಹಾಕಿಕೊಳ್ಳುತ್ತದೆ. ಕಬ್ಬಿಣದಂಶದ ಬೋರ್‌ವೆಲ್ ನೀರಿನಲ್ಲಿ ಒಗೆದ, ಇಂಥ ಸನ್‌ಸ್ಕ್ರೀನ್ ತಗುಲಿದ ಬಿಳಿ ಅಂಗಿಯ ಕಾಲರಿಗೆ ತುಕ್ಕಿನ ಕಲೆ ಬರುವುದೂ ಇದರಿಂದಲೇ. ಕೊಬ್ಬರಿ ಎಣ್ಣೆ, ಕ್ಯಾರೆಟ್ ಬೀಜದ ಎಣ್ಣೆಗಳನ್ನೂ ಪ್ಲೇಟಿಗೆ ಹಾಕಿಸಿದೆ. ಹೇಳುವಂಥದ್ದೇನೂ ಬರಲಿಲ್ಲ.

ಪ್ಲೇಟ್ ಪರೀಕ್ಷೆಗೆ ಸ್ಯಾಂಪಲ್‌ಗೆ ಹತ್ತು ಸಾವಿರ ಹಿಡಿದಿದ್ದರು. ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನ ಪ್ಲೇಟಿಗೆ ಚದರ ಸೆಂಟಿಮೀಟರಿಗೆ 1.3 ಮಿಲಿಗ್ರಾಂ ಹಚ್ಚುತ್ತಾರೆ. ಉಜ್ಜುವ ಕೈ ಬದಲಾದರೆ ಅಂಕಿ ಐದಾರು ಜಿಗಿಯುತ್ತದೆ. ಒಂದೇ ಕೈಯಲ್ಲಿ ಎಲ್ಲ ಸ್ಯಾಂಪಲ್ ಮಾಡಿಸಿ, ಹೋಲಿಕೆಗೆ ಮಾತ್ರ ನಂಬಿ. ಸ್ಯಾಲಿಸಿಲೇಟ್ ಸೇರಿದ ಮೇಲೆ 33 ಬಂತು, ಕ್ರಿಟಿಕಲ್ ವೇವ್‌ಲೆಂಗ್ತ್ (ಯುವಿಎ ಕಡೆಗೆ ರಕ್ಷಣೆ ಎಷ್ಟು ಚಾಚುತ್ತದೆ ಎಂಬ ಅಳತೆ) 374 ನ್ಯಾನೊಮೀಟರ್. ಲೇಬಲ್‌ಗಾಗಿ ಐಎಸ್‌ಒ 24444 ಪ್ರಕಾರ ಹತ್ತು ಜನರ ಬೆನ್ನ ಮೇಲಿನ ಪರೀಕ್ಷೆಗೆ ಎರಡು ಲಕ್ಷದ ಹತ್ತಿರ. ಸರಾಸರಿ 31. 50 ಗ್ರಾಂ ಟ್ಯೂಬಿನ ಕಚ್ಚಾಮಾಲು ₹35–40, ಅದರಲ್ಲಿ ಜಿಂಕ್‌ನದೇ ₹16. ಟ್ಯೂಬು, ಡಬ್ಬಿ ಸೇರಿ ಇನ್ನೊಂದು ₹18. ಮಿಲ್‌ನ ರೋಲರುಗಳಲ್ಲಿ ಪ್ರತಿ ಸಲ ಅಂಟಿ ಉಳಿಯುವ ಮುನ್ನೂರು ಗ್ರಾಂ ಸ್ಲರಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.