ಹಟ್ಟಿ ಹಿಂದೆ ಬಿದ್ದ ಹಳೇ ಟ್ರ್ಯಾಕ್ಟರ್ ಯಾವ ಮಾಡೆಲ್, ಯಾವ ಇಸವಿ? ಬಾನೆಟ್ ನೋಡಿ ಹೇಳ್ಲಿಕ್ಕೆ ಹೋಗ್ಬೇಡಿ

ಹೋದ ವರ್ಷ ಮಳೆ ಬಿಟ್ಟ ಮೇಲೆ ಮಾವ ಫೋನ್ ಮಾಡಿ, ಉಡುಪಿ ಕಡೆಯ ಹಿರಿಯಡ್ಕದ ಹತ್ರ ಒಂದು ಮನೆಯ ಹಟ್ಟಿ ಹಿಂದೆ ಹಳೇ ಮ್ಯಾಸಿ (ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರ್) ಒಂದು ಬಿದ್ದುಕೊಂಡುಂಟಂತೆ, ಗುಜರಿಯವ ತೂಕಕ್ಕೆ ಹಾಕುವ ಮೊದ್ಲು ನೋಡಿ ಬರುವ ಬಾ ಅಂದ್ರು. ಹೋದ್ರೆ ಹೌದು, ಕೆಂಪು ಬಾನೆಟ್, ಮ್ಯಾಸಿ ಸ್ಟಿಕ್ಕರ್ ಅರ್ಧ ಎದ್ದಿದೆ, ಮನೆಯ ಯಜಮಾನ್ರು "ಅರವತ್ತೆರಡರ ಗಾಡಿ, ನಮ್ಮ ಅಪ್ಪ ತಂದದ್ದು" ಅಂತ ಆಣೆ ಹಾಕುವ ಹಾಗೆ ಹೇಳಿದ್ರು. ನಾನು ಬಗ್ಗಿ ಇಂಜಿನ್ ಮೇಲಿನ ಡೀಸೆಲ್ ಪೈಪ್ ಎಣಿಸಿದೆ, ನಾಲ್ಕು ಉಂಟು. ಅಲ್ಲಿಂದಲೇ ಡೌಟು ಶುರು.

ಪೈಪ್ ಎಣಿಸೋದು ಎಂತಕ್ಕೆ ಅಂದ್ರೆ ಸ್ಟಿಕ್ಕರ್, ಪೇಂಟು, ಬಾನೆಟ್ ಎಲ್ಲ ಒಂದು ಮಧ್ಯಾಹ್ನದಲ್ಲಿ ಬದಲಾಗ್ತದೆ ಮಾರಾಯ್ರೆ, ಇಂಜಿನ್ ಬದಲು ಮಾಡುವವರು ಕಮ್ಮಿ. ಡೀಸೆಲ್ ಪಂಪಿಂದ ಮೇಲೆ ಹೋಗುವ ಸಪೂರ ಉಕ್ಕಿನ ಪೈಪ್ ಎಷ್ಟೋ ಅಷ್ಟು ಸಿಲಿಂಡರ್. ಮ್ಯಾಸಿ 35, 135ಕ್ಕೆ ಸಾಮಾನ್ಯ ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್, ಫೋರ್ಡ್‌ಸನ್ ಡೆಕ್ಸ್ಟಾಕ್ಕೂ (1957ರಿಂದ 64) ಮೂರೇ. ಇಂಟರ್‌ನ್ಯಾಷನಲ್ ಬಿ-275ಕ್ಕೆ ನಾಲ್ಕು. ಎಚ್‌ಎಂಟಿ ಜೆಟಾರ್ 2511ಕ್ಕೆ ಎರಡು. ಮುಂದೆ ರೇಡಿಯೇಟರೇ ಇಲ್ಲ, ಗಾಳಿಗೇ ತಣಿಯುವ ಇಂಜಿನ್ ಅಂತಾದ್ರೆ ಅದು ಹೆಚ್ಚಾಗಿ ಹಳೇ ಐಷರ್. ಇಲ್ಲೊಂದು ಗುಂಡಿ ಉಂಟು, ಶುರುವಿನ ಮ್ಯಾಸಿ 35 ಡೀಸೆಲ್‌ಗೂ ನಾಲ್ಕು ಸಿಲಿಂಡರೇ, ಅದು ಸ್ಟ್ಯಾಂಡರ್ಡ್ ಕಂಪನಿಯ ಇಂಜಿನ್, 1959ರ ಕೊನೆ ಹೊತ್ತಿಗೆ ಪರ್ಕಿನ್ಸಿಗೆ ಬದಲಾಯ್ತು. ಹಾಗಾಗಿ ನಾಲ್ಕು ಕಂಡ ಕೂಡ್ಲೇ ಮ್ಯಾಸಿ ಅಲ್ಲ ಅಂತ ಹಾರ್ಲಿಕ್ಕಿಲ್ಲ, ಇಂಜಿನ್ ಬ್ಲಾಕ್ ಮೇಲೆ ಎಂತ ಬರೆದಿದೆ ನೋಡ್ಬೇಕು.

ನೋಡ್ಲಿಕ್ಕೆ ಮೊದ್ಲು ತೊಳೀಬೇಕಲ್ಲ. ನಮ್ಮ ಕಡೆ ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ, ಮೇಲಿಂದ ಗದ್ದೆಯ ಕೆಸರು ಒಣಗಿ ಕಲ್ಲಾಗಿರ್ತದೆ. ಡೀಸೆಲ್ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ತೆಂಗಿನ ನಾರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಗ್ರೈಂಡರ್ ಮಾತ್ರ ಹಿಡೀಬೇಡಿ, ನಂಬರ್ ಒಟ್ಟಿಗೆ ಗಾಡಿಯ ಜಾತಕವೇ ಹೋಗ್ತದೆ. ಅಕ್ಷರ ಸಮಾ ಕಾಣದಿದ್ರೆ ಬಿಳಿ ಚಾಕ್ ಉಜ್ಜಿ, ಇಲ್ಲದಿದ್ರೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡೀರಿ, ಹಗಲು ಕಾಣದ್ದು ರಾತ್ರಿ ಕಾಣ್ತದೆ.

ಈಗ ನಂಬರ್ ವಿಷಯ. ಕಬ್ಬಿಣದಿಂದ ಉಬ್ಬಿಕೊಂಡು ಇರುವ ನಂಬರ್ ಎರಕ ಹೊಯ್ಯುವಾಗಿನದ್ದು, ಅದು ಸೀರಿಯಲ್ ನಂಬರ್ ಅಲ್ಲ, ಆ ತುಂಡಿನ ನಂಬರ್ ಅಷ್ಟೇ. ಒಳಗೆ ಹೋದ ಹಾಗೆ ಪಂಚ್ ಮಾಡಿದ್ದು ಅಥವಾ ಸಣ್ಣ ತಗಡಿನ ಪ್ಲೇಟಲ್ಲಿ ಇರುವುದು ಸೀರಿಯಲ್. ಅರ್ಧ ಜನ ಇದರಲ್ಲೇ ಎಡವೋದು. ಮ್ಯಾಸಿ 35ರ ಪ್ಲೇಟ್ ಸ್ಟೇರಿಂಗ್ ಹತ್ರ ಡ್ಯಾಶಲ್ಲಿ ಇರ್ತದೆ. ಬೂದಿ ಬಣ್ಣದ ಚಿಕ್ಕ ಫರ್ಗುಸನ್ ಟಿಇ-20 (1946ರಿಂದ 56ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಆದದ್ದು) ಸಿಕ್ಕಿದ್ರೆ ನಿಮ್ಮ ಅದೃಷ್ಟ, ಅದರಲ್ಲಿ ನಂಬರಿನ ಮುಂಚಿನ ಅಕ್ಷರವೇ ಕಥೆ ಹೇಳ್ತದೆ: ಟಿಇಎ ಅಂದ್ರೆ ಪೆಟ್ರೋಲ್, ಟಿಇಡಿ ಅಂದ್ರೆ ಚಿಮಿಣಿ ಎಣ್ಣೆ ಜಾತಿಯ ಎಣ್ಣೆಯಲ್ಲಿ ಓಡುವಂಥದ್ದು, ಟಿಇಎಫ್ ಅಂದ್ರೆ ಡೀಸೆಲ್.

ನನಗೆ ಇಷ್ಟ ಹೊರಗಿಂದ ಬಂದ ಫೋರ್ಡ್ 3000, ಅದರಲ್ಲಿ ತಾರೀಕೇ ಬರೆದಿಟ್ಟಿದ್ದಾರೆ. ಸ್ಟಾರ್ಟರ್ ಹಿಂದೆ ಗೇರ್‌ಬಾಕ್ಸಿನ ಹೌಸಿಂಗ್ ಮೇಲೆ ಸಪಾಟಾದ ಜಾಗದಲ್ಲಿ ಮಾಡೆಲ್, ಸೀರಿಯಲ್ ಒಟ್ಟಿಗೆ 6ಬಿ14 ಅಂತ ಏನಾದ್ರೂ ಇದ್ರೆ ಮೊದಲ ಅಂಕೆ ಇಸವಿಯ ಕೊನೇ ಅಂಕೆ, ಅಕ್ಷರ ತಿಂಗಳು, ಆಮೇಲಿಂದು ದಿನ. ಎ ಜನವರಿ, ಬಿ ಫೆಬ್ರವರಿ, ಹಾಗೇ ಹೋಗಿ ಎಂ ಡಿಸೆಂಬರ್, ನಡುವೆ ಐ ಬಿಟ್ಟಿದ್ದಾರೆ ಯಾಕಂದ್ರೆ ಒಂದರ ಹಾಗೆ ಕಾಣ್ತದೆ. ಆ 6 ಅಂದ್ರೆ 66ಓ 76ಓ ಅಂತ ಮಂಡೆಬಿಸಿ ಬೇಡ, 3000 ಬಂದದ್ದೇ 1965ರಿಂದ 75ರವರೆಗೆ, ಹಾಗಾಗಿ 1966 ಫೆಬ್ರವರಿ 14. ಎರಕದ ಮೇಲೆ ಸಿ5ಎನ್‌ಎನ್ ಅಂತ ಇದ್ರೆ ಸಿ ಅಂದ್ರೆ ಅರವತ್ತರ ದಶಕ, 5 ಅಂದ್ರೆ 1965, ಡಿ ಆದ್ರೆ ಎಪ್ಪತ್ತರ ದಶಕ. ಆದ್ರೆ ಅದು ಆ ತುಂಡನ್ನು ಡಿಸೈನ್ ಮಾಡಿದ ವರ್ಷ, ಎರಕ ಹೊಯ್ದ ವರ್ಷ ಅಲ್ಲ, ನೆನಪಿರಲಿ.

ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಸಿಕ್ಕಿದ್ರೆ? ಸಿಕ್ಕಿಯೇ ಸಿಗ್ತದೆ, ಐವತ್ತು ವರ್ಷ ಕೇಜ್ ವೀಲ್ ಹಾಕಿ ಕೆಸರಲ್ಲಿ ಉತ್ತ ಗಾಡಿ ಅದು. ಆಗ ಬ್ಲಾಕ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಈ ಮೂರು ದೊಡ್ಡ ತುಂಡು ನೋಡಿ, ಗಾಡಿಯೊಟ್ಟಿಗೇ ಬಂದದ್ದು ಅಂತ ಅನಿಸುವುದರಲ್ಲಿ ಯಾವುದು ಹೊಸತೋ ಅದಕ್ಕಿಂತ ಹಳತು ಗಾಡಿ ಆಗ್ಲಿಕ್ಕೆ ಸಾಧ್ಯ ಇಲ್ಲ. ಲೂಕಾಸ್ ಡೈನಮೋ ಮೇಲೆ ತಿಂಗಳು, ವರ್ಷ ಪಂಚ್ ಆಗಿರ್ತದೆ, ಅದು ಸಾಕ್ಷಿಗೆ ಆಗ್ತದೆ ತೀರ್ಪಿಗೆ ಆಗುದಿಲ್ಲ, ಬಿಚ್ಚಿ ಬದಲಿಸುವ ಸಾಮಾನು ಅಲ್ವಾ. ಟಯರ್ ನೋಡಿ ವರ್ಷ ಹೇಳುವವರ ಹತ್ರ ವಾದ ಮಾಡ್ಬೇಡಿ, ಚಾ ಕುಡಿದು ಬನ್ನಿ.

ಇಲ್ಲಿ ಆದ ಗಾಡಿಗಳಲ್ಲಿ ಕಂಪನಿ ಹೆಸರಲ್ಲೇ ಇಸವಿ ಸಿಗ್ತದೆ. ಮದ್ರಾಸಲ್ಲಿ ಮ್ಯಾಸಿ ಮಾಡಿದ ಟಾಫೆ ಹುಟ್ಟಿದ್ದು 1960ರಲ್ಲಿ, ಪಿಂಜೋರಿನ ಎಚ್‌ಎಂಟಿ ಟ್ರ್ಯಾಕ್ಟರ್ 1971ರ ನಂತರ, ಸ್ವರಾಜ್ 1974ರ ನಂತರ. ಪ್ಲೇಟಲ್ಲಿ ಮದ್ರಾಸ್ ಅಂತ ಇದ್ರೆ 1996ರ ಮುಂಚಿಂದು ಇರ್ಬಹುದು, ಚೆನ್ನೈ ಅಂತ ಇದ್ರೆ ಖಂಡಿತ ಆಮೇಲಿಂದು. ಡೀಸೆಲ್ ಪಂಪ್ ಮೇಲೆ ಮೈಕೋ ಅಂತ ಇದ್ರೆ 2008ರಲ್ಲಿ ಕಂಪನಿ ಬಾಷ್ ಅಂತ ಹೆಸರು ಬದಲಿಸುವ ಮೊದಲಿನ ಪಂಪ್. ಮತ್ತೆ ಡೀಲರಿನ ಸಣ್ಣ ತಗಡು ಉಂಟಲ್ಲ, ಯಾರೂ ನೋಡುದಿಲ್ಲ ಅದನ್ನು, ಅದರಲ್ಲಿ ಪಿನ್‌ಕೋಡ್ ಇದ್ರೆ 1972 ಆಗಸ್ಟ್ 15ರ ನಂತರ ಮಾಡಿಸಿದ ತಗಡು, ಅದಕ್ಕಿಂತ ಮುಂಚೆ ನಮ್ಮ ದೇಶದಲ್ಲಿ ಪಿನ್‌ಕೋಡೇ ಇರ್ಲಿಲ್ಲ.

ಆರ್‌ಸಿ ಕೊನೆಗೆ ನೋಡಿ. ಕೆಎ-19, ಕೆಎ-20 ಅಂತ ನಂಬರ್ ಇದ್ದ ಮಾತ್ರಕ್ಕೆ ಹೊಸತು ಅಂತಲ್ಲ, ಕೆಎ ಬಂದದ್ದು 1989ರಲ್ಲಿ, ಬೇರೆ ರಾಜ್ಯದಿಂದ ತಂದ ಹಳೇ ಗಾಡಿಗೂ ಆಮೇಲೆ ಇಲ್ಲಿ ಕೆಎ ನಂಬರೇ ಸಿಗುದು. ಎಂವೈ ಅಂತ ಶುರುವಾಗುವ ನಂಬರ್ ಇದ್ರೆ ಮೈಸೂರು ಹೆಸರಿಂದ ಬಂದ ಹಳೇ ಸೀರೀಸು, ಕೆಎಗಿಂತ ಮುಂಚಿಂದು. ಆದ್ರೆ ತಕ್ಕೊಳ್ಳುವುದಾದ್ರೆ ಆರ್‌ಸಿಯ ಇಂಜಿನ್, ಚಾಸಿಸ್ ನಂಬರ್ ಗಾಡಿ ಮೇಲಿನದ್ದಕ್ಕೆ ತಾಳೆ ಆಗ್ಲೇಬೇಕು, ಆಗದಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ.

ಹಿರಿಯಡ್ಕದ ಗಾಡಿಗೆ ಬರುವ. ಬ್ಲಾಕ್ ಉಜ್ಜಿದಾಗ ಐಎಚ್ (ಇಂಟರ್‌ನ್ಯಾಷನಲ್ ಹಾರ್ವೆಸ್ಟರ್) ಗುರುತು ಬಂತು, ಅಂದ್ರೆ ಬಿ-275, ಬಾನೆಟ್ ಯಾರೋ ವೆಲ್ಡಿಂಗಿನವ ತಗಡು ಬಡಿದು ಮಾಡಿದ್ದು. ಪ್ಲೇಟಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಅಂತ ಇತ್ತು, ಆ ಕಂಪನಿ ಶುರುವಾದದ್ದೇ 1963ರಲ್ಲಿ, 1977ರಲ್ಲಿ ಮಹೀಂದ್ರದ ಒಳಗೆ ಸೇರಿತು. ಡೀಲರ್ ತಗಡಲ್ಲಿ ಮಂಗಳೂರು 575 001. ಹಾಗಾದ್ರೆ 1972ರಿಂದ 77ರ ಒಳಗೆ. ಯಜಮಾನ್ರಿಗೆ ಹೇಳಿದ್ರೆ ಮುಖ ಸಪ್ಪೆ ಆಯ್ತು, "ಅರವತ್ತೆರಡರಲ್ಲಿ ಅಪ್ಪ ತಂದದ್ದು ನನಗೆ ಸಮಾ ನೆನಪುಂಟು" ಅಂತ ಬಿಡುದೇ ಇಲ್ಲ, ಕೊನೆಗೆ ಒಳಗಿಂದ ಅವರ ಅಮ್ಮ ಎಲೆ ಅಡಿಕೆ ಜಗಿತಾ ಬಂದು ಹೇಳಿದ್ರು, "ಅದು ಪಂಪ್‌ಸೆಟ್ಟು ಮಗ."